160ಕ್ಕೆ 159: ಎನ್‌ಪಿಟೆಲ್ ಕೋರ್ಸ್ ತಗೊಳ್ಳುವ ಮುಂಚೆ ಇದನ್ನು ಓದಿ

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಇರುವವರು, ಅದರಲ್ಲೂ ಅಟಾನಮಸ್ (ತಮ್ಮದೇ ಸಿಲೆಬಸ್, ಪರೀಕ್ಷೆ ನಡೆಸುವ) ಕಾಲೇಜಿನವರು, ದಯವಿಟ್ಟು ಪೂರ್ತಿ ಓದಿ. ನನಗೆ ಒಂದೂ ಬ್ಯಾಕ್‌ಲಾಗ್ ಇಲ್ಲ, ಅಂದರೆ ಫೇಲಾಗಿ ಉಳಿದ ಸಬ್ಜೆಕ್ಟ್ ಇಲ್ಲ. ಆದರೂ ಡಿಗ್ರಿ ನಿಂತುಹೋಗಿದೆ. ಒಂದೇ ಒಂದು ಕ್ರೆಡಿಟ್‌ಗೆ, ಅಂದರೆ ಸಬ್ಜೆಕ್ಟ್ ಪಾಸಾದಾಗ ಸಿಗುವ ಪಾಯಿಂಟ್‌ಗೆ.

ನಾನು ಕಂಪ್ಯೂಟರ್ ಸೈನ್ಸ್. ಕಾಲೇಜಿನ ಹೆಸರು ಹಾಕುವುದಿಲ್ಲ, ನನ್ನ ಸರ್ಟಿಫಿಕೇಟ್ ಇನ್ನೂ ಅವರ ಕೈಯಲ್ಲೇ ಇದೆ. ಬಿಇ ಮುಗಿಸಲು 160 ಕ್ರೆಡಿಟ್ ಬೇಕು, ನಿಮಗೆ ಗೊತ್ತಿರುವುದೇ. ನಮ್ಮ ಸ್ಕೀಮ್‌ನಲ್ಲಿ ಎಂಟನೇ ಸೆಮಿಸ್ಟರ್‌ಗೆ ಇಂಟರ್ನ್‌ಶಿಪ್ ಜೊತೆ ಆನ್‌ಲೈನ್ ಎಲೆಕ್ಟಿವ್ (ನಾವೇ ಆರಿಸಿಕೊಳ್ಳುವ ಸಬ್ಜೆಕ್ಟ್) ಇರುತ್ತದೆ, 3 ಕ್ರೆಡಿಟ್. ಅದನ್ನು ನಾವು ಮಾಡುವುದು ಎನ್‌ಪಿಟೆಲ್‌ನಲ್ಲಿ, ಅಂದರೆ ಐಐಟಿಯವರು ನಡೆಸುವ ಆನ್‌ಲೈನ್ ಕೋರ್ಸ್‌ಗಳಲ್ಲಿ. ಅದನ್ನು ಮೊದಲೇ ಮುಗಿಸಿಕೊಂಡರೆ ಕೊನೆಯ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಶಿಪ್ ಬಿಟ್ಟು ಬೇರೆ ತಲೆನೋವು ಇರುವುದಿಲ್ಲ ಅಂತ ಆರನೇ ಸೆಮಿಸ್ಟರ್‌ನಲ್ಲೇ ಮಾಡಿ ಅಂದವರು ನಮ್ಮ ಡಿಪಾರ್ಟ್‌ಮೆಂಟಿನವರೇ. ನನ್ನ ಐಡಿಯಾ ಅಲ್ಲ ಇದು.

ಜನವರಿ ಸೆಷನ್‌ಗೆ ಸೇರುವಾಗ ನಾನು ಕೇಳಿಯೇ ಸೇರಿದ್ದು. ನನಗೆ ಬೇಕಾದ ಕೋರ್ಸ್ 8 ವಾರದ್ದು. ಎನ್‌ಪಿಟೆಲ್‌ನಲ್ಲಿ ಸಾಮಾನ್ಯವಾಗಿ 4 ವಾರಕ್ಕೆ 1, 8 ವಾರಕ್ಕೆ 2, 12 ವಾರಕ್ಕೆ 3 ಕ್ರೆಡಿಟ್ ಅಂತ ಲೆಕ್ಕ ಹಿಡಿಯುತ್ತಾರೆ, ಅಲ್ವಾ? ಅದಕ್ಕೇ ಕಾಲೇಜಲ್ಲಿ ಇದನ್ನು ನೋಡಿಕೊಳ್ಳುವ ಕೋಆರ್ಡಿನೇಟರ್ ಮೇಡಂ ಹತ್ತಿರ ಹೋಗಿ, "ಮೇಡಂ, ನಮಗೆ ಬೇಕಿರೋದು 3, ಇದು ನಡೆಯುತ್ತಾ?" ಅಂತ ಬಾಯಿಬಿಟ್ಟು ಕೇಳಿದೆ. ಅವರು ಹಳೆಯ ಒಂದು ಸರ್ಟಿಫಿಕೇಟ್ ತೆಗೆದು ಕೆಳಗಡೆ ಸಣ್ಣ ಅಕ್ಷರದಲ್ಲಿರುವ ಸಾಲನ್ನು ತೋರಿಸಿದರು. ಶಿಫಾರಸು ಮಾಡಿದ ಕ್ರೆಡಿಟ್ "2 ಅಥವಾ 3" ಅಂತ ಇತ್ತು. "ನೋಡಮ್ಮ, 3 ಅಂತಾನೂ ಇದೆ. ನಾವು 3 ತಗೋತೀವಿ. ಆರಾಮಾಗಿ ಮಾಡು" ಅಂದರು. ಇಷ್ಟಾದ ಮೇಲೆ ಯಾರು ಅನುಮಾನ ಪಡುತ್ತಾರೆ ಹೇಳಿ?

ಮಾಡಿದೆ. ವಾರವಾರದ ಅಸೈನ್‌ಮೆಂಟ್ ಬಿಡದೆ ಮಾಡಿದೆ. 1000 ರೂಪಾಯಿ ಪರೀಕ್ಷೆ ಫೀಸು ಕಟ್ಟಿ, ಸೆಂಟರ್‌ಗೆ ಹೋಗಿ ಬರೆದು, ಎಲೈಟ್ (ಒಳ್ಳೆಯ ಅಂಕ ಬಂದವರಿಗೆ ಕೊಡುವ) ಸರ್ಟಿಫಿಕೇಟ್ ತಂದು ಪ್ರಿಂಟ್ ತೆಗೆಸಿ ಡಿಪಾರ್ಟ್‌ಮೆಂಟಿಗೆ ಕೊಟ್ಟೆ. ತಗೊಂಡರು. ಫೈಲಿಗೆ ಹಾಕಿದರು. ಒಬ್ಬರೂ ಏನೂ ಅನ್ನಲಿಲ್ಲ. ಕ್ರೆಡಿಟ್ ಎಂಟನೇ ಸೆಮಿಸ್ಟರ್ ಗ್ರೇಡ್ ಕಾರ್ಡಿಗೆ ಸೇರುವುದು, ಅಲ್ಲಿಯವರೆಗೆ ಎಲ್ಲೂ ಕಾಣಿಸುವುದೂ ಇಲ್ಲ.

ಕ್ಯಾಂಪಸ್‌ನಲ್ಲಿ ಕೆಲಸ ಆಯಿತು. ಅಪ್ಪ ಊರಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು. ಜಾಯಿನಿಂಗ್‌ಗೆ ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್ ಬೇಕು ಅಂದರು, ತರೋಣ ಅಂತ ಎಕ್ಸಾಮ್ ಸೆಕ್ಷನ್‌ಗೆ ಹೋದೆ. ಅಲ್ಲಿನ ಸರ್ ಯುಎಸ್ಎನ್ (ನನ್ನ ಯೂನಿವರ್ಸಿಟಿ ನಂಬರ್) ಟೈಪ್ ಮಾಡಿದರು, ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಮಾನಿಟರನ್ನು ನನ್ನ ಕಡೆ ತಿರುಗಿಸಿದರು. ಕೊನೆಯ ಸಾಲಿನಲ್ಲಿ 159. ಪಕ್ಕದಲ್ಲಿ "ನಾಟ್ ಎಲಿಜಿಬಲ್". ಆನ್‌ಲೈನ್ ಎಲೆಕ್ಟಿವ್ ಮುಂದೆ 2 ಅಂತ ಇತ್ತು. ಹಿಂದೆ ಕ್ಯೂನಲ್ಲಿ ನನ್ನದೇ ಕ್ಲಾಸಿನವರು ನಿಂತಿದ್ದರು, ಎಲ್ಲರಿಗೂ ಕಾಣುತ್ತಿತ್ತು. ಆ ನಾಚಿಕೆ ಇನ್ನೂ ಹೋಗಿಲ್ಲ ನನಗೆ. ತಪ್ಪು ಅವರದ್ದು, ತಲೆ ತಗ್ಗಿಸಿದ್ದು ನಾನು.

ಆಮೇಲೆ ಶುರುವಾಯಿತು ಅಲೆದಾಟ. ಕೋಆರ್ಡಿನೇಟರ್ ಮೇಡಂ ಅಷ್ಟರಲ್ಲಿ ಬೇರೆ ಕಾಲೇಜಿಗೆ ಹೋಗಿದ್ದರು. ಹೊಸಬರು, "ಅವರು ಹೇಳಿದ್ದಕ್ಕೆ ನಾನು ಹೇಗಮ್ಮ ಜವಾಬ್ದಾರಿ? ಬರೆದುಕೊಟ್ಟಿದ್ದಾರಾ?" ಅಂದರು. ಎಚ್‌ಒಡಿ (ಡಿಪಾರ್ಟ್‌ಮೆಂಟ್ ಮುಖ್ಯಸ್ಥರು), "ರೆಗ್ಯುಲೇಷನ್ ವೆಬ್‌ಸೈಟಲ್ಲೇ ಇದೆ, ಓದಬೇಕಿತ್ತು" ಅಂದರು. ಅಲ್ಲ ಸ್ವಾಮಿ, ರೆಗ್ಯುಲೇಷನ್ ಓದಿ ಹೇಳುವುದಕ್ಕೇ ತಾನೇ ಕೋಆರ್ಡಿನೇಟರ್ ಅಂತ ಒಬ್ಬರನ್ನು ಇಟ್ಟಿರುವುದು? ಒಂದು ವರ್ಷದಿಂದ ನಿಮ್ಮ ಫೈಲಲ್ಲಿ ಬಿದ್ದಿದ್ದ ಸರ್ಟಿಫಿಕೇಟನ್ನು ನಿಮ್ಮಲ್ಲಿ ಒಬ್ಬರಾದರೂ ಓದಬೇಕಿತ್ತಲ್ಲ?

4 ವಾರದ ಇನ್ನೊಂದು ಕೋರ್ಸ್ ಮಾಡಿ 2ಕ್ಕೆ 1 ಸೇರಿಸ್ತೀರಾ ಅಂತ ಕೇಳಿದೆ. ಆಗಲ್ಲ, ಒಂದೇ ಕೋರ್ಸ್‌ನಿಂದ 3 ಬರಬೇಕಂತೆ. ಹೋಗಲಿ, ಸಪ್ಲಿಮೆಂಟರಿ ಸೆಮಿಸ್ಟರ್‌ನಲ್ಲಿ ಒಂದು ಸಬ್ಜೆಕ್ಟ್ ಕೊಡಿ, ಬರೆದುಬಿಡ್ತೀನಿ ಅಂದೆ. ಅದಕ್ಕೆ ಬಂದ ಉತ್ತರ ಕೇಳಿ: "ಅದು ಫೇಲ್ ಆದವರಿಗೆ ಮಾತ್ರ. ನೀನು ಫೇಲ್ ಆಗಿಲ್ವಲ್ಲ." ಫೇಲ್ ಆಗಿದ್ದರೆ ಆಗಸ್ಟ್ ಒಳಗೆ ಡಿಗ್ರಿ ಸಿಗುತ್ತಿತ್ತು! ಪಾಸಾಗಿದ್ದಕ್ಕೆ ಕಾಯಬೇಕು. ಕೊನೆಗೆ ಡೀನ್ ಹತ್ತಿರ ಹೋದರೆ, "ಆರು ತಿಂಗಳು ತಾನೇ, ಲೈಫಲ್ಲಿ ಇದೆಲ್ಲ ಏನೂ ಅಲ್ಲ" ಅಂತ ಬುದ್ಧಿ ಹೇಳಿ ಕಳಿಸಿದರು. ಅವರಿಗೆ ಏನೂ ಅಲ್ಲ. ಎಜುಕೇಷನ್ ಲೋನ್ ಕಂತು ಕಟ್ಟುವವರು ನಮ್ಮಪ್ಪ.

ಆರು ತಿಂಗಳು ಯಾಕೆ ಅಂದರೆ, ಎನ್‌ಪಿಟೆಲ್ ಸೆಷನ್ ಇರುವುದು ವರ್ಷಕ್ಕೆ ಎರಡೇ. ಜನವರಿಯದು ತಪ್ಪಿದರೆ ಜುಲೈಗೆ ಸೇರಬೇಕು. 12 ವಾರ ಮುಗಿದು ಪರೀಕ್ಷೆ ಆಗಿ ರಿಸಲ್ಟ್ ಬರುವ ಹೊತ್ತಿಗೆ ವರ್ಷದ ಕೊನೆ. ಕಂಪನಿಯವರು ಸದ್ಯಕ್ಕೆ ಆಫರ್ ಕ್ಯಾನ್ಸಲ್ ಮಾಡಿಲ್ಲ. ಮುಂದಿನ ಬ್ಯಾಚ್ ತಗೊಳ್ಳುವಾಗ ನೋಡೋಣ ಅಂದಿದ್ದಾರೆ, ಅಷ್ಟೇ.

ಆದ್ದರಿಂದ ಸರ್ಟಿಫಿಕೇಟಲ್ಲಿ ಏನೇ ಇರಲಿ, ಅದು ಬರೀ ಶಿಫಾರಸು. ಎಷ್ಟು ಕೊಡಬೇಕು ಅನ್ನುವುದು ಕಾಲೇಜಿನ ಕೈಯಲ್ಲಿದೆ. 3 ಬೇಕಿದ್ದರೆ 12 ವಾರದ್ದನ್ನೇ ತಗೊಳ್ಳಿ, ಅದೂ ನಿಮ್ಮ ಡಿಪಾರ್ಟ್‌ಮೆಂಟಿನ ಆ ವರ್ಷದ ಪಟ್ಟಿಯಲ್ಲಿ ಇದ್ದರೆ ಮಾತ್ರ. ಬಾಯಿಮಾತು ನಂಬಬೇಡಿ, ಎಷ್ಟೇ ಒಳ್ಳೆಯ ಮೇಡಂ ಆದರೂ ನಂಬಬೇಡಿ. ಮೇಲ್ ಹಾಕಿ, ಎಕ್ಸಾಮ್ ಸೆಕ್ಷನ್ನನ್ನೂ ಸೇರಿಸಿ ಹಾಕಿ. ಉತ್ತರ ಬರದಿದ್ದರೆ ಆ ಕೋರ್ಸ್ ಬೇಡ. ಏಳನೇ ಸೆಮಿಸ್ಟರ್ ಶುರುವಾಗುವಾಗಲೇ ಒಟ್ಟು ಕ್ರೆಡಿಟ್ ಎಷ್ಟಾಗಿದೆ ಅಂತ ಬರೆಸಿಕೊಳ್ಳಿ. ಆಕ್ಟಿವಿಟಿ ಪಾಯಿಂಟ್ (ಕ್ಲಾಸಿನ ಹೊರಗಿನ ಚಟುವಟಿಕೆಗೆ ಸಿಗುವುದು) 100 ಆಗಿದೆಯಾ, ಅದನ್ನೂ ನೋಡಿ. ಲ್ಯಾಟರಲ್ ಎಂಟ್ರಿಯವರಿಗೆ, ಅಂದರೆ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ, 75. ಲ್ಯಾಟರಲ್ ಎಂಟ್ರಿಯವರು, ಅಡಿಷನಲ್ ಮ್ಯಾಥ್ಸ್‌ಗೆ ಕ್ರೆಡಿಟ್ ಇಲ್ಲ ಅಂತ ಅದನ್ನು ಸುಮ್ನೆ ಬಿಡಬೇಡಿ, ಅದು ಪಾಸಾಗದೆ ಡಿಗ್ರಿ ಕೊಡುವುದಿಲ್ಲ.

ನಮ್ಮ ಬ್ಯಾಚಲ್ಲಿ ಇದೇ ರೀತಿ ಸಿಕ್ಕಿಹಾಕಿಕೊಂಡವರು ನಾನೊಬ್ಬಳೇ ಅಲ್ಲ, ಆದರೆ ಮನೆಯಲ್ಲಿ ಬೈತಾರೆ ಅಂತ ಯಾರೂ ಬಾಯಿ ಬಿಡುತ್ತಿಲ್ಲ. ಜೂನಿಯರ್‌ಗಳಲ್ಲಿ ಇನ್ನೂ 8 ವಾರದ್ದು ಮಾಡುತ್ತಿರುವವರು ಇದ್ದಾರೆ. ನಿಮಗೆ ಗೊತ್ತಿರುವವರು ಇದ್ದರೆ ಇದನ್ನು ಇವತ್ತೇ ಕಳಿಸಿ, ಅವರಿಗೆ ಇನ್ನೂ ಒಂದು ಸೆಷನ್ ಟೈಮ್ ಇದೆ.