ಅಲರ್ಜಿ ಮಾತ್ರೆ: ಯಾವುದು ತೂಕಡಿಕೆ ತರುತ್ತದೆ, ಯಾವುದು ಇಲ್ಲ

ಕ್ಲೋರ್‌ಫೆನಿರಮಿನ್, ಸೆಟಿರಿಜಿನ್, ಫೆಕ್ಸೋಫೆನಡಿನ್ ಮೂರೂ ಸೀನು, ತುರಿಕೆ ತರಿಸುವ ಹಿಸ್ಟಮಿನ್ ಎಂಬ ದೇಹದ ರಾಸಾಯನಿಕವನ್ನು ತಡೆಯುತ್ತವೆ, ವ್ಯತ್ಯಾಸವಿರುವುದು ಮಿದುಳಿನಲ್ಲಿ. ಅಲ್ಲಿ ನಮ್ಮನ್ನು ಎಚ್ಚರವಾಗಿಡುವುದೂ ಹಿಸ್ಟಮಿನ್ನೇ. (ಪ್ರಮಾಣಗಳು ವಯಸ್ಕರಿಗೆ.)

ಕ್ಲೋರ್‌ಫೆನಿರಮಿನ್, 4 ಮಿ.ಗ್ರಾಂ, 4–6 ಗಂಟೆಗೊಮ್ಮೆ: ಸಲೀಸಾಗಿ ಮಿದುಳಿಗೆ ನುಗ್ಗಿ ಮಂಪರು ತರುತ್ತದೆ. ಅಸಿಟೈಲ್‌ಕೋಲಿನ್ ಎಂಬ, ನರಗಳ ಸಂದೇಶ ಒಯ್ಯುವ ರಾಸಾಯನಿಕವನ್ನೂ ತಡೆಯುವುದರಿಂದ ಬಾಯಿ ಒಣಗುತ್ತದೆ. ಪ್ರಾಸ್ಟೇಟ್ ಊದಿದವರಿಗೆ ಮೂತ್ರ ಕಟ್ಟಬಹುದು, ವೃದ್ಧರಿಗೆ ಗೊಂದಲವಾಗಬಹುದು. ಅನೇಕ ಶೀತದ ಮಾತ್ರೆಗಳಲ್ಲಿ ಇದೇ ಇರುತ್ತದೆ, ಪಟ್ಟಿಯ ಹಿಂಬದಿ ತಪ್ಪದೇ ಓದಿ.

ಸೆಟಿರಿಜಿನ್ ದಿನಕ್ಕೊಂದು, 10 ಮಿ.ಗ್ರಾಂ. ಮಿದುಳಿಗೆ ಸೇರುವುದು ಕಡಿಮೆ, ಆದರೂ ಕೆಲವರಿಗೆ ತೂಕಡಿಕೆ. ರಾತ್ರಿ ನುಂಗುವುದು ಮೇಲು. ಕಿಡ್ನಿ ದುರ್ಬಲವಿದ್ದರೆ ಪ್ರಮಾಣ ತಗ್ಗಿಸಬೇಕು, ವೈದ್ಯರನ್ನು ಕೇಳಿ.

ವಾಹನ ಓಡಿಸುವವರಿಗೆ, ಮಿದುಳಿಗೆ ಬಹುತೇಕ ಸೇರದ ಫೆಕ್ಸೋಫೆನಡಿನ್ 120 ಮಿ.ಗ್ರಾಂ ಸರಿಯಾದ ಆಯ್ಕೆ. ನೀರಿನಲ್ಲೇ ನುಂಗಿ: ಕಿತ್ತಳೆ, ಸೇಬಿನ ರಸ ಅದು ಕರುಳಿನಿಂದ ರಕ್ತಕ್ಕೆ ಸೇರುವುದನ್ನು ಕುಗ್ಗಿಸುತ್ತದೆ. ಮೊದಲೆರಡರ ಜೊತೆ ಮದ್ಯ ಬೇಡವೇ ಬೇಡ.