ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ: ಕಲರ್‌ಗಿಂತ ನನಗೆ ಹಿಡಿಸಿದ್ದು ಅದರ ಟ್ರಿಮ್

ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಅಂದ ತಕ್ಷಣ ಎಲ್ಲರೂ ಕಲರ್, ಅಂದರೆ ದೃಶ್ಯದ ಬಣ್ಣ ತಿದ್ದುವುದರ ಬಗ್ಗೆಯೇ ಮಾತಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಡಾವಿಂಚಿ ಅನ್ನೋದು ಹುಟ್ಟಿದ್ದೇ ಕಲರ್ ತಿದ್ದುವ ಯಂತ್ರಗಳ ಹೆಸರಾಗಿ. 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಅದನ್ನು ಕೊಂಡುಕೊಂಡಿತು. ಎಡಿಟಿಂಗ್, ಸೌಂಡ್, ಎಫೆಕ್ಟ್ಸ್ ಎಲ್ಲ ಆಮೇಲೆ ಒಂದೊಂದಾಗಿ ಬಂದು ಸೇರಿದವು. ನಾನು ಕೂಡ ಡೌನ್‌ಲೋಡ್ ಮಾಡಿದ್ದು ಕಲರ್‌ಗಾಗಿಯೇ. ಆದರೆ ಇಷ್ಟು ವರ್ಷ ಇದನ್ನು ಬಿಡದೆ ಬಳಸುತ್ತಿರುವುದಕ್ಕೆ ಕಾರಣ ಬೇರೆ. ಎಡಿಟ್ ಪೇಜಿನಲ್ಲಿರುವ ಡೈನಾಮಿಕ್ ಟ್ರಿಮ್, ಅಂದರೆ ದೃಶ್ಯ ಓಡುತ್ತಿರುವಾಗಲೇ ಕಟ್ ಅನ್ನು ಹಿಂದೆ ಮುಂದೆ ಸರಿಸುವ ಸೌಲಭ್ಯ. ಇದರ ಬಗ್ಗೆ ಕನ್ನಡದಲ್ಲಿ ಯಾರೂ ಸರಿಯಾಗಿ ಹೇಳಿದ್ದು ನಾನು ನೋಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಹೆಚ್ಚಾಗಿ ಮದುವೆ ವಿಡಿಯೋಗಳದ್ದು. ನಡುನಡುವೆ ಸಂದರ್ಶನ, ಗೆಳೆಯರ ಕಿರುಚಿತ್ರ. ಮೊದಲು ಬಳಸುತ್ತಿದ್ದ ಸಾಫ್ಟ್‌ವೇರ್ ತಿಂಗಳ ಚಂದಾದ್ದು. ಆಷಾಢದಲ್ಲಿ ಮದುವೆಗಳಿಲ್ಲ, ಕೈಯಲ್ಲಿ ಕಾಸೂ ಇರುವುದಿಲ್ಲ, ಆದರೂ ಚಂದಾ ಕಟ್ಟಲೇಬೇಕು. ಕಟ್ಟದಿದ್ದರೆ ಹಳೆಯ ಪ್ರಾಜೆಕ್ಟನ್ನೂ ತೆರೆಯಲು ಬಿಡುತ್ತಿರಲಿಲ್ಲ. ಚೌತಿ ಹೊತ್ತಿಗೆ ಯಾರೋ ಬಂದು ಹಳೆ ಆಲ್ಬಮ್ ವಿಡಿಯೋದಲ್ಲಿ ಒಂದು ಹೆಸರು ತಿದ್ದಿಕೊಡಿ ಅಂದರೆ, ಆ ಒಂದು ಹೆಸರಿಗೆ ಒಂದು ತಿಂಗಳ ದುಡ್ಡು. ಅದರಿಂದ ಬೇಸತ್ತು ಇಲ್ಲಿಗೆ ಬಂದೆ.

ಈಗ ಟ್ರಿಮ್ ವಿಷಯ. ಎರಡು ಶಾಟ್ ಸೇರುವ ಜಾಗದ ಹತ್ತಿರ ನಿಂತು ವಿ ಒತ್ತಿದರೆ ಆ ಕಟ್ ಆಯ್ಕೆಯಾಗುತ್ತದೆ. ಡಬ್ಲ್ಯು ಒತ್ತಿದರೆ ಡೈನಾಮಿಕ್ ಟ್ರಿಮ್ ಶುರು. ಆಮೇಲೆ ಜೆ, ಕೆ, ಎಲ್ ಮೂರೇ ಕೀ. ಎಲ್ ಒತ್ತಿದರೆ ದೃಶ್ಯ ಓಡುತ್ತಾ ಕಟ್ ಕೂಡ ಅದರ ಜೊತೆಗೇ ಮುಂದೆ ಹೋಗುತ್ತದೆ. ಜೆ ಒತ್ತಿದರೆ ಹಿಂದಕ್ಕೆ. ಕೆ ಒತ್ತಿದ ಕಡೆ ಕಟ್ ನಿಲ್ಲುತ್ತದೆ. ಕೆ ಹಿಡಿದುಕೊಂಡೇ ಎಲ್ ತಟ್ಟಿದರೆ ಒಂದೊಂದೇ ಫ್ರೇಮ್. ಕಟ್ ಹೇಗೆ ಬಂತು ಅಂತ ನೋಡಬೇಕಾದರೆ ಸ್ಲ್ಯಾಶ್ ಕೀ ಒತ್ತಿದರಾಯಿತು, ಕಟ್‌ನ ಆಚೆ ಈಚೆ ಸ್ವಲ್ಪ ಓಡಿಸಿ ತೋರಿಸುತ್ತದೆ. ಮೌಸ್ ಮುಟ್ಟುವ ಹಾಗೇ ಇಲ್ಲ.

ಮೌಸ್‌ನಲ್ಲಿ ಎಳೆಯುವಾಗ ನಾವು ನೋಡುವುದು ಟೈಮ್‌ಲೈನಿನ ಬಣ್ಣದ ಪಟ್ಟಿಯನ್ನು. ಎಷ್ಟು ಉದ್ದ, ಎಷ್ಟು ಗಿಡ್ಡ ಅಂತ ಕಣ್ಣಲ್ಲಿ ಅಳೆಯುತ್ತೇವೆ. ಇಲ್ಲಿ ಹಾಗಲ್ಲ. ದೃಶ್ಯ ಓಡುತ್ತಿರುತ್ತದೆ, ಮಾತು ಕೇಳುತ್ತಿರುತ್ತದೆ, ಬೆರಳು ತಾನಾಗಿ ನಿಲ್ಲಿಸುತ್ತದೆ. ಹಾಲಿವುಡ್ಡಿನ ಹೆಸರಾಂತ ಎಡಿಟರ್ ವಾಲ್ಟರ್ ಮರ್ಚ್ ಒಂದು ಪದ್ಧತಿ ಹೇಳುತ್ತಾರೆ. ಶಾಟ್ ಓಡಿಸಿ, ಇಲ್ಲಿ ಕಟ್ ಅನ್ನಿಸಿದ ಕಡೆ ನಿಲ್ಲಿಸು. ಯಾವ ಫ್ರೇಮ್ ಅಂತ ಗುರುತು ಹಾಕಿಕೋ. ಮತ್ತೆ ಹಿಂದಕ್ಕೆ ಹೋಗಿ ಓಡಿಸಿ ನಿಲ್ಲಿಸು. ಎರಡು ಸಲವೂ ಅದೇ ಫ್ರೇಮ್ ಸಿಕ್ಕಿದರೆ ಅಲ್ಲೇ ಕಟ್. ಸಿಗದಿದ್ದರೆ ಆ ಜಾಗದ ಬಗ್ಗೆ ಇನ್ನೂ ಯೋಚಿಸಬೇಕು. ನಮ್ಮ ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಅಷ್ಟು ಸಣ್ಣ ಜಾಗದಲ್ಲಿ ಬೆರಳು ಎರಡು ಸಲ ಹೋಗಿ ನಿಲ್ಲುತ್ತದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ ಕಲಿಯಲು ಆಗದ ನನ್ನಂಥವರಿಗೆ ಈ ಅಭ್ಯಾಸವೇ ಒಂದು ಪಾಠಶಾಲೆ.

ಮಾಂಗಲ್ಯಧಾರಣೆಯನ್ನೇ ತೆಗೆದುಕೊಳ್ಳಿ. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅನ್ನುತ್ತಾರೆ. ಡೋಲು, ನಾದಸ್ವರ ಒಮ್ಮೆಲೇ ಏರುತ್ತದೆ. ಮೊದಲೆಲ್ಲ ನಾನು ಪುರೋಹಿತರ ಕೈ ತೋರಿಸಿ, ನೇರ ತಾಳಿಯ ಕ್ಲೋಸಪ್‌ಗೆ ಹೋಗುತ್ತಿದ್ದೆ. ಎಲ್ಲರೂ ಮಾಡುವುದು ಹಾಗೇ ಅಲ್ವಾ. ಈಗ ಆಲ್ಟ್ ಮತ್ತು ಯು ಒತ್ತಿ ಆಡಿಯೋ ಕಟ್ ಮಾತ್ರ ಆಯ್ದುಕೊಳ್ಳುತ್ತೇನೆ. ಜೆ ಒತ್ತಿ ಸದ್ದನ್ನು ಹಿಂದಕ್ಕೆ ಎಳೆಯುತ್ತೇನೆ. ಪರದೆ ಮೇಲೆ ಇನ್ನೂ ಹುಡುಗಿಯ ಅಪ್ಪನ ಮುಖ ಇರುತ್ತದೆ. ಕೆಳಗೆ ಗಟ್ಟಿಮೇಳ ಶುರುವಾಗಿರುತ್ತದೆ. ಅವರ ಗಂಟಲು ಒಮ್ಮೆ ಅಲ್ಲಾಡುತ್ತದೆ, ಕಣ್ಣು ಕೆಳಗಿಳಿಯುತ್ತದೆ. ಕಣ್ಣು ಇಳಿದ ಮೇಲೆ ತಾಳಿ. ಕಣ್ಣು ಇಳಿಯುವುದಕ್ಕೆ ಎರಡು ಫ್ರೇಮ್ ಮೊದಲು ಕತ್ತರಿಸಿದರೂ ಅದು ಸುಮ್ನೆ ಇನ್ನೊಬ್ಬ ಹಿರಿಯರ ಶಾಟ್ ಆಗುತ್ತದೆ. ಆ ಮನೆಯವರು ವಿಡಿಯೋ ನೋಡುವಾಗ ಈ ಜಾಗದಲ್ಲಿ ಮಾತು ನಿಲ್ಲಿಸಿದ್ದನ್ನು ನೋಡಿದ್ದೇನೆ.

ಕೆಲಸಕ್ಕೆ ಕೂರುವ ರೀತಿಯೂ ಇದರಿಂದ ಬದಲಾಯಿತು. ರಾತ್ರಿ ಕಾರ್ಡಿನಿಂದ ಎಲ್ಲ ಎಸ್‌ಎಸ್‌ಡಿಗೆ ಹಾಕಿ, ಕ್ಲಿಪ್‌ಗಳನ್ನು ಆಯ್ದು, ರೈಟ್ ಕ್ಲಿಕ್ ಮಾಡಿ ಪ್ರಾಕ್ಸಿ (ಎಡಿಟಿಂಗ್‌ಗೆ ಮಾತ್ರ ಬಳಸುವ ಹಗುರ ನಕಲು) ತಯಾರಿಸಲು ಬಿಟ್ಟು ಊಟಕ್ಕೆ ಏಳುತ್ತೇನೆ. ಪ್ರಾಕ್ಸಿ ಇಲ್ಲದಿದ್ದರೆ ನನ್ನ ಲ್ಯಾಪ್‌ಟಾಪಿನಲ್ಲಿ 4ಕೆ ತಡವರಿಸುತ್ತದೆ. ತಡವರಿಸಿದರೆ ಬೆರಳಿಗೆ ತಾಳ ಸಿಗುವುದಿಲ್ಲ, ಟ್ರಿಮ್ಮಿನ ಸುಖವೇ ಹೋಗುತ್ತದೆ. ಬೆಳಿಗ್ಗೆ ಕಾಫಿ ಲೋಟ ಎಡಕ್ಕೆ, ಹೆಡ್‌ಫೋನ್ ಕಿವಿಗೆ, ಬಲಗೈ ಮೂರು ಕೀ ಮೇಲೆ. ಮೊದಲ ಗಂಟೆ ಏನನ್ನೂ ಕತ್ತರಿಸುವುದಿಲ್ಲ. ಬರೀ ಎಲ್ ಒತ್ತಿ ನೋಡುತ್ತಾ, ಹಿಡಿಸಿದ ಕಡೆ ಎಂ ಒತ್ತಿ ಮಾರ್ಕರ್ ಹಾಕುತ್ತೇನೆ.

ಇನ್ನು ಇಲ್ಲದ್ದರ ಬಗ್ಗೆಯೂ ಹೇಳಬೇಕು. ಉಚಿತ ಆವೃತ್ತಿಯಲ್ಲಿ ವಿಡಿಯೋದ ನಾಯ್ಸ್ ರಿಡಕ್ಷನ್ (ಚಿತ್ರದ ಮೇಲಿನ ಕಾಳುಕಾಳು ತೆಗೆಯುವುದು) ಇಲ್ಲ, ಡೀಫ್ಲಿಕರ್ (ಬೆಳಕಿನ ಮಿಣುಕು ತೆಗೆಯುವುದು) ಇಲ್ಲ. ಹಾಕಿ ನೋಡಬಹುದು, ಆದರೆ ಚಿತ್ರದ ಮೇಲೆ ವಾಟರ್‌ಮಾರ್ಕ್ ಬರುತ್ತದೆ. ಮದುವೆಯವರಿಗೆ ಇದು ಸಣ್ಣ ಕೊರತೆ ಅಲ್ಲ. ಛತ್ರದ ರಿಸೆಪ್ಷನ್ ಅಂದರೆ ಮಂದ ಬೆಳಕು, ಮಿಣುಕುವ ಎಲ್‌ಇಡಿ, ಕ್ಯಾಮೆರಾದ ಐಎಸ್‌ಒ (ಬೆಳಕು ಹಿಡಿಯುವ ಶಕ್ತಿ) ಏರಿಸಲೇಬೇಕು, ಏರಿಸಿದರೆ ನಾಯ್ಸ್. ನಮಗೆ ಅತಿ ಬೇಕಾದ ಎರಡು ಸಾಧನವೂ ಬೀಗದ ಒಳಗಿವೆ. ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯ ಬೆಲೆ 295 ಡಾಲರ್. ಒಮ್ಮೆ ಕೊಟ್ಟರೆ ಆಯಿತು, ಚಂದಾ ಇಲ್ಲ ಅನ್ನುವುದು ನಿಜ. ಆದರೂ ಸಣ್ಣ ಊರಿನ ಎಡಿಟರ್‌ಗೆ ಅದು ಒಂದು ಮದುವೆಯ ಎಡಿಟಿಂಗ್ ದುಡ್ಡಿಗಿಂತ ಜಾಸ್ತಿ. ಲಿನಕ್ಸ್ ಬಳಸುವವರಿಗೆ ಇನ್ನೊಂದು ತೊಡಕು: ಉಚಿತ ಆವೃತ್ತಿ ಅಲ್ಲಿ ಎಚ್.264 (ಮೊಬೈಲ್, ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ವಿಡಿಯೋ ಫಾರ್ಮ್ಯಾಟ್) ಕಡತಗಳನ್ನು ತೆರೆಯುವುದಿಲ್ಲ, ಬೇರೆ ಫಾರ್ಮ್ಯಾಟ್‌ಗೆ ಬದಲಿಸಿಕೊಳ್ಳಬೇಕು.

ಮಿಣುಕಿಗೆ ನಾನು ಕಂಡುಕೊಂಡ ದಾರಿ ಕ್ಯಾಮೆರಾದಲ್ಲೇ ಇದೆ. ನಮ್ಮ ಕರೆಂಟು 50 ಹರ್ಟ್ಸ್. 25 ಫ್ರೇಮ್, ಶಟರ್ 1/50 ಇಟ್ಟು ಶೂಟ್ ಮಾಡಿದರೆ ಟ್ಯೂಬ್‌ಲೈಟ್ ಮಿಣುಕು ಬಹುಪಾಲು ಬರುವುದೇ ಇಲ್ಲ. ಇದನ್ನು ನಮ್ಮ ಕ್ಯಾಮೆರಾ ಹುಡುಗರಿಗೆ ಒಪ್ಪಿಸಿದ ಮೇಲೆ ಡೀಫ್ಲಿಕರ್ ನೆನಪಾಗುವುದು ಕಮ್ಮಿಯಾಗಿದೆ. ನಾಯ್ಸ್‌ಗೆ ಮಾತ್ರ ಹೀಗೆ ಸುಲಭದ ದಾರಿ ಇಲ್ಲ. ಮುಂದಿನ ಸೀಸನ್‌ನಲ್ಲಿ ರಿಸೆಪ್ಷನ್ ಕೆಲಸ ಜಾಸ್ತಿ ಬಂದರೆ ಸ್ಟುಡಿಯೋ ಕೊಳ್ಳುತ್ತೇನೆ.

ಹೊಸದಾಗಿ ಕಲಿಯುವವರಿಗೆ ಒಂದು ಮಾತು. ದಯವಿಟ್ಟು ಮೊದಲ ದಿನವೇ ಕಲರ್ ಪೇಜಿಗೆ ಓಡಬೇಡಿ. ಸಿನಿಮಾದಂಥ ಬಣ್ಣ ಕೊಡುತ್ತೇವೆ ಅಂತ ಲಟ್ ಪ್ಯಾಕ್ (ಸಿದ್ಧ ಬಣ್ಣದ ಸೆಟ್ಟಿಂಗ್‌ಗಳ ಕಟ್ಟು) ಮಾರುವವರಿಗೆ ದುಡ್ಡು ಸುರಿಯಬೇಡಿ. ಇಬ್ಬರು ಮಾತಾಡುವ ಎರಡು ನಿಮಿಷದ ದೃಶ್ಯವನ್ನು ಮೊಬೈಲಿನಲ್ಲೇ ತೆಗೆಯಿರಿ. ಅದನ್ನು ಡೈನಾಮಿಕ್ ಟ್ರಿಮ್ಮಿನಲ್ಲಿ ಮೂರು ರೀತಿ ಕತ್ತರಿಸಿ: ಮಾತಾಡುವವರ ಮೇಲೆ ಒಮ್ಮೆ, ಕೇಳುವವರ ಮೇಲೆ ಒಮ್ಮೆ, ಸದ್ದು ಮೊದಲು ಚಿತ್ರ ಆಮೇಲೆ ಬರುವಂತೆ ಒಮ್ಮೆ. ಕ್ಲಿಪ್ ಹಾಕುವ ಮುಂಚೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟ್ ನೋಡಿಕೊಳ್ಳಿ. ಹೊಸ ಪ್ರಾಜೆಕ್ಟ್ ಸಾಮಾನ್ಯವಾಗಿ 24ರಲ್ಲಿ ತೆರೆಯುತ್ತದೆ, ಮೊಬೈಲ್ ವಿಡಿಯೋ ಹೆಚ್ಚಾಗಿ 30ರಲ್ಲಿರುತ್ತದೆ, ಆಮೇಲೆ ಬದಲಿಸುವುದು ತಲೆನೋವು. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಸ್ಟುಡಿಯೋಗೆ ಮುಂಚೆ ಒಂದು ಎಸ್‌ಎಸ್‌ಡಿ, ಒಂದು ಒಳ್ಳೆಯ ವೈರ್ ಇರುವ ಹೆಡ್‌ಫೋನ್ ತಗೊಳ್ಳಿ. ಬ್ಲೂಟೂತ್ ಬೇಡ. ಅದರಲ್ಲಿ ಸದ್ದು ತಡವಾಗಿ ಬರುತ್ತದೆ, ಬೆರಳು ತಪ್ಪು ಫ್ರೇಮಿನಲ್ಲಿ ನಿಲ್ಲುತ್ತದೆ.