ಕೂದಲಿನ ಗಮ್ಮಿ ತಿನ್ನುತ್ತಿದ್ದೀರಾ? ರಕ್ತ ಕೊಡುವ ಮೊದಲು ಇದನ್ನು ಓದಿ

ಕೂದಲು ದಟ್ಟವಾಗಲಿ, ಉಗುರು ಗಟ್ಟಿಯಾಗಲಿ, ಚರ್ಮ ಹೊಳೆಯಲಿ ಅಂತ ಬಣ್ಣಬಣ್ಣದ ಗಮ್ಮಿ, ಅಂದರೆ ಜೆಲ್ಲಿ ಮಿಠಾಯಿಯಂಥ ವಿಟಮಿನ್ ತುಣುಕು, ತಿನ್ನುವವರು ಈಗ ಯಾವ ದೇಶಕ್ಕೆ ಹೋದರೂ ಸಿಗುತ್ತಾರೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬಿ ಇದ್ದರೆ ಈಗಲೇ ಎದ್ದು ಹೋಗಿ ಅದರ ಹಿಂಬದಿಯ ಲೇಬಲ್ ಓದಿ. ‘ಬಯೋಟಿನ್’ ಅಥವಾ ‘ವಿಟಮಿನ್ ಬಿ7’ ಅಂತ ಇದ್ದರೆ, ಮುಂದಿನ ಸಲ ರಕ್ತಪರೀಕ್ಷೆ ಬರೆಸಿಕೊಳ್ಳುವಾಗ ಡಾಕ್ಟರಿಗೂ ಲ್ಯಾಬಿನವರಿಗೂ ತಪ್ಪದೆ ಹೇಳಿ. ಅದು ನಿಮ್ಮ ಮೈಗೆ ಏನೂ ಮಾಡದೇ ಇರಬಹುದು, ಆದರೆ ರಿಪೋರ್ಟನ್ನು ಕೆಡಿಸಬಲ್ಲದು. ನನ್ನದನ್ನು ಕೆಡಿಸಿತು. ಇಲ್ಲದ ಕಾಯಿಲೆಗೆ ಮಾತ್ರೆಯ ಚೀಟಿ ಕೈಗೆ ಬರುವಷ್ಟು ಕೆಡಿಸಿತು.

ನನಗೆ ಜೋರು ಜ್ವರ ಬಂದು ಹೋಗಿ ಕೆಲವು ತಿಂಗಳಾದ ಮೇಲೆ ಕೂದಲು ಉದುರಲು ಶುರುವಾಯಿತು. ಬಾಚಣಿಗೆ ತುಂಬ ಕೂದಲು, ದಿಂಬಿನ ಮೇಲೆ ಕೂದಲು, ಬಚ್ಚಲಿನ ಜಾಲರಿಯಲ್ಲಿ ಉಂಡೆ ಉಂಡೆ ಕೂದಲು. ತಂಗಿ ನೋಡಲಾರದೆ ಒಂದು ಡಬ್ಬಿ ತಂದುಕೊಟ್ಟಳು. ಒಳಗೆ ಕರಡಿಮರಿ ಆಕಾರದ ನಸುಗೆಂಪು ಗಮ್ಮಿಗಳು, ಒಂದಕ್ಕೊಂದು ಅಂಟಿಕೊಂಡು, ಮೇಲೆ ಸಕ್ಕರೆ ಪುಡಿ. ದಿನಕ್ಕೆ ಎರಡು. “ಅಕ್ಕಾ, ಬರೀ ವಿಟಮಿನ್ ಕಣೇ, ಏನೂ ಆಗಲ್ಲ” ಅಂದಳು. ಅವಳ ಮಾತು ಅವಳದ್ದಲ್ಲ, ಡಬ್ಬಿಯ ಮೇಲೆ ಅಚ್ಚಾಗಿದ್ದೂ ಅದೇ ಧಾಟಿ: ನೈಸರ್ಗಿಕ, ಸೌಮ್ಯ, ದಿನಾ ತಿನ್ನಬಹುದು.

ಉದುರುವುದು ನಿಲ್ಲಲಿಲ್ಲ. ಡಾಕ್ಟರ ಹತ್ತಿರ ಹೋದೆ. ಕೂದಲು ಉದುರುತ್ತಿದೆ ಅಂದರೆ ಯಾವ ಡಾಕ್ಟರಾದರೂ ಮೊದಲು ಬರೆಯುವುದು ರಕ್ತದಲ್ಲಿ ಕಬ್ಬಿಣಾಂಶ ಎಷ್ಟಿದೆ, ಥೈರಾಯ್ಡ್ ಹೇಗಿದೆ ಅನ್ನುವ ಪರೀಕ್ಷೆಗಳನ್ನೇ. ಲ್ಯಾಬಿನ ಫಾರ್ಮಿನಲ್ಲಿ ‘ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು’ ಅಂತ ಒಂದು ಗೆರೆ ಇತ್ತು. ಕರಡಿಮರಿಯನ್ನು ಔಷಧಿ ಅಂತ ಅಲ್ಲಿ ಯಾರು ಬರೆಯುತ್ತಾರೆ? ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು, ಗಮ್ಮಿಯ ಮಾತು ಯಾರೂ ಎತ್ತಲಿಲ್ಲ.

ರಿಪೋರ್ಟ್ ಬಂತು. ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳುವ ಟಿಎಸ್‌ಎಚ್ ಹಾರ್ಮೋನ್ ತಳ ಕಂಡಿತ್ತು, ಥೈರಾಯ್ಡ್ ತಾನೇ ಸುರಿಸುವ ಫ್ರೀ ಟಿ4 ಹಾರ್ಮೋನ್ ಮಿತಿ ದಾಟಿತ್ತು, ಎರಡರ ಪಕ್ಕದಲ್ಲೂ ದಪ್ಪಕ್ಷರದ ಗುರುತು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಪುಸ್ತಕದಲ್ಲಿ ಕೊಡುವ ಚಿತ್ರ ಇದೇ. ಖಾತ್ರಿ ಮಾಡಿಕೊಳ್ಳಲು ಆಂಟಿಬಾಡಿ ಪರೀಕ್ಷೆ ಬರೆದರು, ಅದೂ ಪಾಸಿಟಿವ್. ಗ್ರೇವ್ಸ್ ಕಾಯಿಲೆ ಅಂದರು, ಮೈಯದೇ ಆಂಟಿಬಾಡಿಗಳು ಥೈರಾಯ್ಡನ್ನು ಕೆರಳಿಸುವ, ಕೆಲವರಲ್ಲಿ ಕಣ್ಣು ಮುಂದೆ ಬರುವ ಕಾಯಿಲೆ. ಮಾತ್ರೆ ಬರೆದು, ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಇದನ್ನು ತಿನ್ನುವಾಗ ಜ್ವರವೋ ಗಂಟಲು ನೋವೋ ಬಂದರೆ ತಡ ಮಾಡದೆ ಬನ್ನಿ, ಅಪರೂಪಕ್ಕೆ ಬಿಳಿರಕ್ತಕಣ ಕುಸಿಯುವುದುಂಟು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಅಮ್ಮ ನನ್ನ ಕಣ್ಣು ಮುಂದೆ ಬಂದಿದೆಯಾ ಅಂತ ದೀಪ ಹಿಡಿದು ನೋಡಿದ್ದೂ ಆಯಿತು.

ಮಾತ್ರೆ ಶುರುಮಾಡುವ ಮೊದಲು ಹಾರ್ಮೋನ್ ತಜ್ಞೆಯೊಬ್ಬರನ್ನು ಕಾಣುವುದೆಂದಾಯಿತು. ಅವರು ರಿಪೋರ್ಟಿಗಿಂತ ಮೊದಲು ನನ್ನನ್ನು ನೋಡಿದರು. ನಾಡಿ ಹಿಡಿದರು, ಕೈ ಚಾಚಿಸಿ ಬೆರಳ ಮೇಲೆ ಒಂದು ಕಾಗದ ಇಟ್ಟರು. ಕಾಗದ ಅಲುಗಲಿಲ್ಲ. ತೂಕ ಇಳಿದಿರಲಿಲ್ಲ, ಎದೆ ಹೊಡೆದುಕೊಳ್ಳುತ್ತಿರಲಿಲ್ಲ, ಬೆವರು ಇಲ್ಲ. ಥೈರಾಯ್ಡ್ ಅತಿಯಾದಾಗ ಕಾಣುವ ಗುರುತು ಒಂದೂ ಇರಲಿಲ್ಲ.

“ಕೂದಲಿಗೆ, ಉಗುರಿಗೆ ಅಂತ ಏನಾದರೂ ತಗೋತಿದ್ದೀರಾ?”

“ಔಷಧಿ ಏನಿಲ್ಲ ಡಾಕ್ಟ್ರೇ. ಒಂದು ಗಮ್ಮಿ ಅಷ್ಟೆ.”

“ಅದನ್ನ ಇವತ್ತೇ ನಿಲ್ಸಿ. ಕೆಲವು ದಿನ ಬಿಟ್ಟು ಮತ್ತೆ ರಕ್ತ ಕೊಡಿ. ಅಲ್ಲಿವರೆಗೂ ಈ ಮಾತ್ರೆ ಮುಟ್ಟಬೇಡಿ.”

ಮತ್ತೆ ಕೊಟ್ಟ ರಕ್ತದಲ್ಲಿ ಎಲ್ಲವೂ ಸರಿ ಇತ್ತು, ಆಂಟಿಬಾಡಿಯೂ ಮಾಯ.

ಮನೆಗೆ ಬಂದು ಡಬ್ಬಿ ತಿರುಗಿಸಿ ನೋಡಿದೆ. ಎರಡು ಗಮ್ಮಿಯಲ್ಲಿ ಬಯೋಟಿನ್ 10,000 ಮೈಕ್ರೋಗ್ರಾಂ. ಪಕ್ಕದಲ್ಲಿ, ದಿನದ ಅಗತ್ಯದ 33,333 ಶೇಕಡಾ ಅಂತ ನಾಚಿಕೆಯಿಲ್ಲದೆ ಅಚ್ಚು ಹಾಕಿದ್ದಾರೆ. ದೊಡ್ಡವರೊಬ್ಬರಿಗೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ, ಅದು ಮಾಮೂಲಿ ಊಟದಲ್ಲೇ ಸಿಕ್ಕಿಬಿಡುತ್ತದೆ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಹಾಗಾಗಿ ವಿಷವಲ್ಲ ಅನ್ನುವುದು ನಿಜವೇ. ಮಾರುವವರು ಅಲ್ಲಿಗೆ ಮಾತು ನಿಲ್ಲಿಸುತ್ತಾರೆ. ಹೊರಗೆ ಹೋಗುವ ಮೊದಲು ಅದು ರಕ್ತದಲ್ಲಿ ತಿರುಗುತ್ತಿರುತ್ತದೆ, ಸೂಜಿ ಚುಚ್ಚಿ ತೆಗೆಯುವುದೂ ಅದೇ ರಕ್ತವನ್ನೇ.

ಆಗುವುದೇನೆಂದರೆ, ಹಾರ್ಮೋನ್ ಅಳೆಯುವ ಅನೇಕ ಯಂತ್ರಗಳು ಬಯೋಟಿನ್ನನ್ನೇ ಕೊಕ್ಕೆಯಾಗಿ ಬಳಸುತ್ತವೆ. ಸ್ಟ್ರೆಪ್ಟಾವಿಡಿನ್ ಅನ್ನುವ ಪ್ರೋಟೀನಿಗೂ ಬಯೋಟಿನ್ನಿಗೂ ಭಾರೀ ನಂಟು. ಒಮ್ಮೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ಯಂತ್ರದೊಳಗಿನ ಸಣ್ಣ ಮಣಿಗಳ ಮೇಲೆ ಸ್ಟ್ರೆಪ್ಟಾವಿಡಿನ್ ಬಳಿದಿರುತ್ತಾರೆ, ಟಿಎಸ್‌ಎಚ್ ಹಿಡಿಯಲೆಂದೇ ಯಂತ್ರದಲ್ಲಿ ಬಳಸುವ ಆಂಟಿಬಾಡಿಗೆ (ನನ್ನ ರಕ್ತದಲ್ಲಿ ಹುಡುಕಿದ ಆಂಟಿಬಾಡಿ ಅಲ್ಲ) ಬಯೋಟಿನ್ ಕಟ್ಟಿರುತ್ತಾರೆ. ಆಂಟಿಬಾಡಿ ಟಿಎಸ್‌ಎಚ್ ಹಿಡಿದುಕೊಂಡು ಬಂದು ಮಣಿಗೆ ಅಂಟಬೇಕು, ಉಳಿದದ್ದನ್ನು ತೊಳೆದು ಚೆಲ್ಲಬೇಕು, ಅಂಟಿದ್ದೆಷ್ಟು ಅಂತ ಬೆಳಕಿನ ಮೂಲಕ ಅಳೆಯಬೇಕು. ಇದು ಕ್ರಮ. ರಕ್ತದಲ್ಲಿ ಆಗಲೇ ಬೇಕಾದಷ್ಟು ಬಯೋಟಿನ್ ಇದ್ದರೆ ಅದು ಮುಂಚೆಯೇ ಬಂದು ಸೀಟೆಲ್ಲ ಹಿಡಿದು ಕೂತ ಹಾಗಾಗುತ್ತದೆ. ಟಿಎಸ್‌ಎಚ್ ಹಿಡಿದುಕೊಂಡು ಬಂದವರಿಗೆ ಜಾಗವೇ ಇಲ್ಲ, ತೊಳೆಯುವಾಗ ಹೊರಗೆ ಹೋಗುತ್ತಾರೆ. ಬೆಳಕು ಕಡಿಮೆ, ಆದ್ದರಿಂದ ಟಿಎಸ್‌ಎಚ್ ಕಡಿಮೆ ಅಂತ ಯಂತ್ರ ಬರೆಯುತ್ತದೆ. ಟಿ4, ಟಿ3ಯಂಥ ಸಣ್ಣ ಹಾರ್ಮೋನುಗಳನ್ನು ಅಳೆಯುವ ಲೆಕ್ಕ ತಿರುಗಾಮುರುಗಾ: ಅಲ್ಲಿ ಬೆಳಕು ಕಡಿಮೆಯಾದಷ್ಟೂ ಹಾರ್ಮೋನ್ ಹೆಚ್ಚು ಅಂತ ಅರ್ಥ. ಹಾಗಾಗಿ ಒಂದೇ ಗಮ್ಮಿ ಒಂದನ್ನು ಕೆಳಕ್ಕೆ ಎಳೆದು ಇನ್ನೊಂದನ್ನು ಮೇಲಕ್ಕೆ ತಳ್ಳುತ್ತದೆ. ಎರಡೂ ಸೇರಿದಾಗ ಕಾಯಿಲೆಯ ಚಿತ್ರ ಎಷ್ಟು ಒಪ್ಪವಾಗಿ ಕೂರುತ್ತದೆಂದರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಒಂದು ಮಾತ್ರ ಕೆಟ್ಟಿದ್ದರೆ ಯಾರಾದರೂ ಇದೇನಿದು ಅಂತ ತಲೆ ಕೆರೆದುಕೊಳ್ಳುತ್ತಿದ್ದರೇನೋ. ನನ್ನ ಆಂಟಿಬಾಡಿ ಪರೀಕ್ಷೆ ಸುಳ್ಳೇ ಪಾಸಿಟಿವ್ ಆದದ್ದೂ ಇದೇ ತಿರುಗಾಮುರುಗಾ ಲೆಕ್ಕದಿಂದ.

ಇದು ನನ್ನೊಬ್ಬಳ ಕಥೆಯಲ್ಲ. ಚಯಾಪಚಯದ ಹುಟ್ಟು ತೊಂದರೆಗಳಿಗೆ ಭಾರೀ ಪ್ರಮಾಣದ ಬಯೋಟಿನ್ ಪಡೆಯುತ್ತಿದ್ದ ಆರು ಮಕ್ಕಳ ರಿಪೋರ್ಟುಗಳು ಗ್ರೇವ್ಸ್ ಕಾಯಿಲೆಯನ್ನೇ ಹೋಲುತ್ತಿದ್ದ ಸಂಗತಿ 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದಿತ್ತು. ಮರುವರ್ಷ ಆರು ಮಂದಿ ಆರೋಗ್ಯವಂತರಿಗೆ ದಿನಕ್ಕೆ 10 ಮಿಲಿಗ್ರಾಂನಂತೆ ಏಳು ದಿನ ಬಯೋಟಿನ್ ಕೊಟ್ಟು ನೋಡಿದರು. 10 ಮಿಲಿಗ್ರಾಂ ಅಂದರೆ 10,000 ಮೈಕ್ರೋಗ್ರಾಂ, ನನ್ನ ಡಬ್ಬಿಯ ಎರಡು ಕರಡಿಮರಿಗಳ ಲೆಕ್ಕವೇ. ಬಯೋಟಿನ್ ಕೊಕ್ಕೆ ಬಳಸುವ 23 ಪರೀಕ್ಷೆಗಳ ಪೈಕಿ 9ರಲ್ಲಿ ಏರುಪೇರು ಕಂಡಿತು. 2017ರ ನವೆಂಬರಿನಲ್ಲಿ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಿತು, 2019ರಲ್ಲಿ ಅದನ್ನು ಮತ್ತೆ ನೆನಪಿಸಿತು. ಆ ಎಚ್ಚರಿಕೆ ಲ್ಯಾಬುಗಳಿಗೆ ತಲುಪಿರಬಹುದು, ಗಮ್ಮಿ ಕೊಳ್ಳುವವರಿಗೆ ತಲುಪಿಲ್ಲ. ಡಬ್ಬಿಯ ಮೇಲಂತೂ ಒಂದಕ್ಷರ ಇರಲಿಲ್ಲ.

ನನಗೆ ಹೆಚ್ಚು ಸಿಟ್ಟು ತರಿಸಿದ್ದು ಇದರ ಸುತ್ತ ಇರುವ ಜಾಲ. ಕೂದಲು ಉದುರುವುದು ಥೈರಾಯ್ಡ್ ತೊಂದರೆಯ ಒಂದು ಲಕ್ಷಣ. ಅಂದಮೇಲೆ ಥೈರಾಯ್ಡ್ ಪರೀಕ್ಷೆಗೆ ಹೋಗುವವರೂ ಕೂದಲಿಗೆ ಬಯೋಟಿನ್ ತಿನ್ನುವವರೂ ಹೆಚ್ಚು ಕಡಿಮೆ ಒಂದೇ ಜನ. ಪರೀಕ್ಷೆ ಯಾರಿಗೆ ಬೇಕೋ ಅವರ ಪರೀಕ್ಷೆಯನ್ನೇ ಹಾಳುಮಾಡುವ ಸರಕು ಇದು. ಹೋಗಲಿ, ಕೂದಲಾದರೂ ಬರುತ್ತದೆಯೇ ಅಂದರೆ, ಬಯೋಟಿನ್ ಕೊರತೆಯೋ ಹುಟ್ಟಿನಿಂದ ಬಂದ ಕಿಣ್ವದ ದೋಷವೋ ಇದ್ದವರಿಗೆ ಉಪಯೋಗವಾದದ್ದುಂಟು. ಕೂದಲು, ಉಗುರಿನ ಬಗ್ಗೆ ವೈದ್ಯಕೀಯ ಬರಹಗಳಲ್ಲಿ ದಾಖಲಾದ ಪ್ರಕರಣಗಳನ್ನು 2017ರಲ್ಲಿ ಒಟ್ಟು ಹಾಕಿ ನೋಡಿದಾಗ ಸಿಕ್ಕಿದ್ದು 18, ಆ 18ರಲ್ಲೂ ಹಿಂದೆ ಒಂದಲ್ಲ ಒಂದು ದೋಷ ಇತ್ತು. ಉಳಿದವರಿಗೆ ಆಗುವ ಮ್ಯಾಜಿಕ್ ಬೇರೆ. ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆಯಂಥ ಹೊಡೆತ ಬಿದ್ದು ಎರಡು ಮೂರು ತಿಂಗಳಿಗೆ ಕೂದಲು ಉದುರುವುದೂ, ಮುಂದಿನ ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುವುದೂ ಮಾಮೂಲು. ಆ ನಡುವೆ ಕೊಂಡ ಡಬ್ಬಿಗೆ ಕೀರ್ತಿ ಸಿಗುತ್ತದೆ, ‘ಮೊದಲು – ಆಮೇಲೆ’ ಫೋಟೋಗಳೂ ಸುಳ್ಳಾಗಿರುವುದಿಲ್ಲ. ನನ್ನ ಕೂದಲೂ ಗಮ್ಮಿ ನಿಲ್ಲಿಸಿದ ಮೇಲೆ ಸುಧಾರಿಸಿತು. ಫೋಟೋ ತೆಗೆದು ಯಾರಿಗೆ ಕಳಿಸಲಿ?

ಕಂಪನಿಗೆ ಪತ್ರ ಬರೆದೆ. ನಮ್ಮದು ಔಷಧಿಯಲ್ಲ, ಆಹಾರ ಪೂರಕ, ಅಡ್ಡಪರಿಣಾಮ ಇಲ್ಲ ಅನ್ನುವ ಸಿದ್ಧ ಉತ್ತರ ಬಂತು, ಜೊತೆಗೆ ಮುಂದಿನ ಡಬ್ಬಿಗೆ ರಿಯಾಯಿತಿ ಕೂಪನ್.

ಆರೋಗ್ಯದ ಹೆಸರಿನಲ್ಲಿ ಜಗತ್ತಿನಾದ್ಯಂತ ನಡೆಯುವ ವಿಚಿತ್ರಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಕೆಲವು ಬರೀ ನಾಟಕ. ಉಪ್ಪುನೀರಿನ ತೊಟ್ಟಿಯಲ್ಲಿ ಕಾಲಿಟ್ಟು ಕರೆಂಟು ಹಾಯಿಸಿ, ನೀರು ಕಂದಾದ ಕೂಡಲೇ ನೋಡಿ ನಿಮ್ಮ ಮೈಯ ವಿಷ ಹೊರಬಂತು ಅನ್ನುವ ಯಂತ್ರವಿದೆಯಲ್ಲ, ಅದು ಕಬ್ಬಿಣದ ಸರಳಿನ ತುಕ್ಕು. ಕಾಲಿಡದಿದ್ದರೂ ನೀರು ಕಂದಾಗುತ್ತದೆ. ಅಂಥವು ಜೇಬಿಗೆ ಕತ್ತರಿ ಹಾಕಿ ಸುಮ್ಮನಾಗುತ್ತವೆ, ನನಗೆ ಅವುಗಳ ಮೇಲೆ ಅಷ್ಟೇನೂ ಕೋಪವಿಲ್ಲ. ಹೆದರಬೇಕಾದದ್ದು ನಿಜವಾಗಿ ಕೆಲಸ ಮಾಡುವ ವಸ್ತುವನ್ನು ತಿಂಡಿಯ ವೇಷದಲ್ಲಿ ಮಾರುವವುಗಳಿಗೆ. ಸಕ್ರಿಯ ಇದ್ದಿಲು ಬೆರೆಸಿದ ಕಪ್ಪು ಪಾನೀಯಗಳನ್ನೇ ತೆಗೆದುಕೊಳ್ಳಿ. ವಿಷ ಸೇವಿಸಿ ಬಂದವರಿಗೆ ಆಸ್ಪತ್ರೆಯಲ್ಲಿ ಇದ್ದಿಲು ಕುಡಿಸುವುದುಂಟು, ಹೊಟ್ಟೆಯಲ್ಲಿರುವುದನ್ನು ಅದು ಹೀರಿ ಹಿಡಿದುಕೊಳ್ಳುತ್ತದೆ ಅಂತಲೇ. ನೀವು ಆಗತಾನೇ ನುಂಗಿದ ಮಾತ್ರೆಯನ್ನೂ ಅದು ಹಾಗೇ ಹಿಡಿದುಕೊಳ್ಳಬಲ್ಲದು, ಅದಕ್ಕೇನು ಗೊತ್ತು. ನಿದ್ದೆಗೆಂದು ಮಾರುವ ಮೆಲಟೋನಿನ್ ಗಮ್ಮಿಗಳ 25 ಬ್ರಾಂಡುಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದ ವರದಿ 2023ರಲ್ಲಿ ಬಂತು. 22ರಲ್ಲಿ ಲೇಬಲ್ಲಿನ ಅಂಕಿ ಒಂದು, ಒಳಗಿದ್ದದ್ದು ಇನ್ನೊಂದು. ಒಂದರಲ್ಲಂತೂ ಮೆಲಟೋನಿನ್ ಇರಲೇ ಇಲ್ಲ. ಮಾತ್ರೆಯಾದರೆ ಕಹಿ ಅಂತ ಎಣಿಸಿ ತಿನ್ನುತ್ತೇವೆ. ಕರಡಿಮರಿ ರುಚಿಯಾಗಿದ್ದರೆ ಎರಡರ ಜಾಗದಲ್ಲಿ ನಾಲ್ಕು ಹೋಗುತ್ತದೆ.

ಇನ್ನು ಬಯೋಟಿನ್ ವಿಷಯಕ್ಕೆ. ‘ಹೇರ್, ಸ್ಕಿನ್, ನೇಲ್ಸ್’ ಅಂತ ಬರೆದ ಯಾವುದೇ ಪುಡಿ, ಗುಳಿಗೆ, ಗಮ್ಮಿಯಲ್ಲಿ ಅದು ಇರುವ ಸಾಧ್ಯತೆ ಹೆಚ್ಚು. ಕೆಲವು ಬಿ ಕಾಂಪ್ಲೆಕ್ಸ್, ಮಲ್ಟಿವಿಟಮಿನ್‌ಗಳಲ್ಲೂ ಇರುತ್ತದೆ, ಆದರೆ 30 ಮೈಕ್ರೋಗ್ರಾಂ ಆಸುಪಾಸಿನದಕ್ಕೆ ಗಾಬರಿ ಬೇಡ, ಸಾವಿರಗಳಲ್ಲಿ ಅಂಕಿ ಕಂಡರೆ ಮಾತ್ರ ಎಚ್ಚರ. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ ಅನ್ನುತ್ತದೆ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್. ಪ್ರಮಾಣ ದೊಡ್ಡದಿದ್ದರೆ ಇನ್ನೂ ಹೆಚ್ಚು ದಿನ ಬೇಕಾಗುತ್ತದೆ, ಮೂತ್ರಪಿಂಡದ ತೊಂದರೆ ಇರುವವರಲ್ಲಿ ಅದು ಹೊರಹೋಗುವುದೇ ನಿಧಾನ. ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ. ಡಾಕ್ಟರೇ ಬರೆದುಕೊಟ್ಟ ಬಯೋಟಿನ್ ಆಗಿದ್ದರೆ ನೀವಾಗಿ ನಿಲ್ಲಿಸಲು ಹೋಗಬೇಡಿ, ಹೇಳಿದರೆ ಸಾಕು, ಅವರು ಬೇರೆ ವಿಧಾನದ ಯಂತ್ರಕ್ಕೆ ರಕ್ತ ಕಳಿಸಬಹುದು. ಎಲ್ಲ ಯಂತ್ರಗಳೂ ಈ ಕೊಕ್ಕೆ ಬಳಸುವುದಿಲ್ಲ, ಬಳಸುವವುಗಳಲ್ಲೂ ಕೆಲವನ್ನು ಈಗ ತಿದ್ದಿದ್ದಾರೆ. ಲ್ಯಾಬಿಗೆ ಹೋಗಿ “ನಿಮ್ಮ ಯಂತ್ರಕ್ಕೆ ಬಯೋಟಿನ್ ತೊಂದರೆ ಇದೆಯಾ?” ಅಂತ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ಕೌಂಟರಿನ ಹುಡುಗನಿಗೆ ಗೊತ್ತಿಲ್ಲದಿದ್ದರೆ ಒಳಗಿನವರನ್ನು ಕರೆಸಿ.

ಥೈರಾಯ್ಡ್‌ಗಷ್ಟೇ ಇದು ಸೀಮಿತವಲ್ಲ. ವಿಟಮಿನ್ ಡಿ, ಕೆಲವು ಗರ್ಭಧಾರಣೆ ಪರೀಕ್ಷೆಗಳು, ಬೇರೆ ಬೇರೆ ಹಾರ್ಮೋನುಗಳ ಪರೀಕ್ಷೆಗಳೂ ಈ ಪಟ್ಟಿಯಲ್ಲಿವೆ. ಎಲ್ಲಕ್ಕಿಂತ ಅಪಾಯದ್ದು ಟ್ರೋಪೋನಿನ್. ಹೃದಯಾಘಾತವಾಗಿದೆಯೇ ಅಂತ ತಿಳಿಯಲು ಮಾಡುವ ಪರೀಕ್ಷೆ ಅದು, ಬಯೋಟಿನ್ನಿನಿಂದ ಅದು ಸುಳ್ಳೇ ಕಡಿಮೆ ತೋರಿಸಬಹುದು. ಅಂದರೆ ಹೃದಯಾಘಾತ ಆಗಿದ್ದರೂ ಆಗಿಲ್ಲ ಅನ್ನುವ ರಿಪೋರ್ಟ್. ಹೆಚ್ಚು ಪ್ರಮಾಣದ ಬಯೋಟಿನ್ ತೆಗೆದುಕೊಳ್ಳುತ್ತಿದ್ದ ಒಬ್ಬರ ಟ್ರೋಪೋನಿನ್ ಹೀಗೆ ಸುಳ್ಳಾಗಿ ಬಂದು ಅವರು ತೀರಿಕೊಂಡ ವರದಿ ಎಫ್‌ಡಿಎ ಎಚ್ಚರಿಕೆಯಲ್ಲೇ ಇದೆ. ಎದೆನೋವು ಬಂದವರು ಎರಡು ದಿನ ಗಮ್ಮಿ ನಿಲ್ಲಿಸಿ ಕಾಯುವಂತಿಲ್ಲ. ಕೂಡಲೇ ಆಸ್ಪತ್ರೆಗೆ ಹೋಗಿ, ಹೋದ ತಕ್ಷಣ ಬಯೋಟಿನ್ ತಿನ್ನುತ್ತಿರುವುದನ್ನು ಹೇಳಿ, ಎಷ್ಟು ಪ್ರಮಾಣ, ಕೊನೆಯ ಬಾರಿ ತಿಂದದ್ದು ಯಾವಾಗ ಅಂತಲೂ ಹೇಳಿ. ನಿಮಗೆ ಮಾತಾಡಲು ಆಗದ ಸ್ಥಿತಿ ಬರಬಹುದು, ಆದ್ದರಿಂದ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ. ನನ್ನ ತಂಗಿ ಈಗ ಡಬ್ಬಿಯ ಹಿಂಬದಿಯ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದಾಳೆ. ಅವಳು ಇನ್ನೂ ತಿನ್ನುತ್ತಾಳೆ, ಬಿಡು ಅಂದರೆ ಕೇಳುವುದಿಲ್ಲ. ಫೋಟೋ ಮಾತ್ರ ನನಗೂ ಕಳಿಸಿದ್ದಾಳೆ.